ಟ್ರೌಟ್ ಮೀನಿನ ಸಂಶೋಧನೆಯನ್ನು ಕರಾವಳಿಯ ಮೀನು ಸಾಕಣೆಗೆ ಬಳಸುವುದು ಹೇಗೆ

ಮೀನು ಒಂದೊಂದಾಗಿ ತೇಲಲು ಶುರುವಾದರೆ ಈಗ ಹೆಚ್ಚಿನವರು ಮೊದಲು ಕೈಹಾಕುವುದು ಮೊಬೈಲ್‌ಗೆ. ಉದ್ಯಾವರ ಹೊಳೆಯಲ್ಲೋ ಉಪ್ಪುಂದದ ಕಡೆಯೋ ಪಂಜರದಲ್ಲಿ ಸೀಬಾಸ್ ಸಾಕುವವರಿರಲಿ, ಬೆಳ್ತಂಗಡಿಯ ತೋಟದ ಕೆರೆಗೆ ಕಾಟ್ಲಾ ಮರಿ ಬಿಟ್ಟವರಿರಲಿ, ರೋಗಲಕ್ಷಣ ಹಾಕಿ ಹುಡುಕಿದರೆ ಸಿಗುವ ವೈಜ್ಞಾನಿಕ ಲೇಖನಗಳಲ್ಲಿ ರೇನ್‌ಬೋ ಟ್ರೌಟ್ ಹೆಸರು ಮತ್ತೆ ಮತ್ತೆ ಎದುರಾಗುತ್ತದೆ. ಕೆಲವರು ಅಲ್ಲಿರುವ ಡೋಸನ್ನು ಹಾಗೇ ಬರೆದುಕೊಂಡು ಔಷಧಿ ಅಂಗಡಿಗೆ ಹೋಗುತ್ತಾರೆ. ಇನ್ನು ಕೆಲವರು "ಅದು ಚಳಿ ದೇಶದ ಮೀನು, ನಮಗೇನು ಪ್ರಯೋಜನ" ಎಂದು ಪಕ್ಕಕ್ಕಿಡುತ್ತಾರೆ. ಎರಡರಿಂದಲೂ ನಷ್ಟವೇ. ಟ್ರೌಟ್ ಸಂಶೋಧನೆಯಿಂದ ನಾವು ತೆಗೆದುಕೊಳ್ಳಬೇಕಾದದ್ದು ರೋಗ ಯಾಕೆ ಬರುತ್ತದೆ, ಹೇಗೆ ಹರಡುತ್ತದೆ ಎಂಬ ವಿವರವನ್ನು. ಅದರ ಅಂಕಿಗಳನ್ನು ನಮ್ಮ ನೀರಿಗೆ ತರುವ ಮೊದಲು ಪ್ರತಿಯೊಂದನ್ನೂ ಮತ್ತೆ ಲೆಕ್ಕ ಹಾಕಬೇಕು. ಅದನ್ನು ಮಾಡುವ ಕ್ರಮ ಇಲ್ಲಿದೆ.

ಈ ಮೀನಿನ ಬಗ್ಗೆ ಇಷ್ಟೊಂದು ಬರಹ ಇರುವುದಕ್ಕೆ ಕಾರಣವಿದೆ. ಉತ್ತರ ಅಮೆರಿಕದ ಪೆಸಿಫಿಕ್ ಕರಾವಳಿ ಮತ್ತು ರಷ್ಯಾದ ಕಮ್ಚಾಟ್ಕಾ ಇದರ ಮೂಲ ನೆಲೆ. ಸಾಕಲು, ಮೊಟ್ಟೆ ತೆಗೆಯಲು, ತೊಟ್ಟಿಯಲ್ಲಿ ಗಮನಿಸಲು ಅನುಕೂಲವಾದ್ದರಿಂದ ಜಗತ್ತಿನ ಎಲ್ಲ ಕಡೆಯ ಪ್ರಯೋಗಾಲಯಗಳಿಗೂ ತಲುಪಿತು. ಮೀನಿನ ಜೀವಕೋಶಗಳನ್ನು ಗಾಜಿನ ಬಾಟಲಿಯಲ್ಲಿ ಶಾಶ್ವತವಾಗಿ ಬೆಳೆಸಲು ಮೊದಲು ಸಾಧ್ಯವಾದದ್ದು 1962ರಲ್ಲಿ, ಇದೇ ಟ್ರೌಟ್‌ನ ಜನನಾಂಗದ ಅಂಗಾಂಶದಿಂದ. ಮೀನಿನ ವೈರಸ್‌ಗಳನ್ನು ಪ್ರಯೋಗಾಲಯದಲ್ಲಿ ಬೆಳೆಸುವ ಕೆಲಸಕ್ಕೆ ಅದು ದಾರಿ ಮಾಡಿತು. ಇದರ ಜೀನೋಮ್ 2014ರಲ್ಲಿ ಪ್ರಕಟವಾಯಿತು. ರಾಸಾಯನಿಕಗಳು ನೀರಿನ ಜೀವಿಗಳಿಗೆ ಎಷ್ಟು ವಿಷ ಎಂದು ಅಳೆಯುವ ಪರೀಕ್ಷೆಗಳಲ್ಲೂ ಬಹುಕಾಲದಿಂದ ಇದೇ ಮೀನು ಬಳಕೆಯಲ್ಲಿದೆ.

ಊಟಿ ಕಡೆ ಟ್ರೌಟ್ ನೋಡಿ ಬಂದವರು "ನಮ್ಮಲ್ಲೂ ಸಾಕಬಹುದಾ" ಎಂದು ಕೇಳುವುದುಂಟು. ಮಂಗಳೂರು, ಉಡುಪಿಯ ಕೆರೆ-ಹೊಳೆಗಳಲ್ಲಿ ಸಾಧ್ಯವಿಲ್ಲ. ಟ್ರೌಟ್‌ಗೆ ಹಿತವಾದ ನೀರು ಸುಮಾರು 12ರಿಂದ 18 ಡಿಗ್ರಿ ಸೆಲ್ಸಿಯಸ್. 25ರ ಆಸುಪಾಸಿಗೆ ಬಂದರೆ ಅದರ ಜೀವಕ್ಕೇ ಅಪಾಯ. ನಮ್ಮ ಕೆರೆಯ ನೀರು ವರ್ಷದ ಬಹುಪಾಲು 26ರ ಮೇಲೆಯೇ ಇರುತ್ತದೆ.

1. ಎರಡು ಹೆಸರಿನಲ್ಲಿ ಹುಡುಕಿ

ಟ್ರೌಟ್‌ನ ವೈಜ್ಞಾನಿಕ ಹೆಸರು ಆಂಕೊರಿಂಕಸ್ ಮೈಕಿಸ್. ಇದು ಬಳಕೆಗೆ ಬಂದದ್ದು 1989ರ ನಂತರ. ಅದಕ್ಕೂ ಮೊದಲಿನ ಲೇಖನಗಳಲ್ಲಿ ಸಾಲ್ಮೊ ಗೈರ್ಡ್ನೆರಿ ಎಂದಿರುತ್ತದೆ. ಆಹಾರ, ಅಮೋನಿಯಾ, ಆಮ್ಲಜನಕದ ಬಗ್ಗೆ ನಡೆದ ತುಂಬಾ ಗಟ್ಟಿ ಕೆಲಸಗಳು 1960-80ರ ದಶಕದವು. ಹೊಸ ಹೆಸರು ಮಾತ್ರ ಹಾಕಿದರೆ ಅವು ಕಣ್ಣಿಗೇ ಬೀಳುವುದಿಲ್ಲ. ಸ್ಟೀಲ್‌ಹೆಡ್ ಎಂಬ ಹೆಸರು ಕಂಡರೂ ಬಿಡಬೇಡಿ. ಅದು ಸಮುದ್ರಕ್ಕೆ ಹೋಗಿ ಮರಳುವ ಇದೇ ಜಾತಿಯ ಮೀನು.

2. ನೀರಿನ ಉಷ್ಣತೆ ಎಷ್ಟಿತ್ತು ಎಂದು ಮೊದಲು ಹುಡುಕಿ

ಲೇಖನದ ಸಾರಾಂಶ ಓದಿ ನಿಲ್ಲಿಸಬೇಡಿ. ಪ್ರಯೋಗದ ವಿಧಾನ ವಿವರಿಸುವ ಭಾಗಕ್ಕೆ ಹೋಗಿ, ನೀರು ಎಷ್ಟು ಡಿಗ್ರಿ ಇತ್ತು ಎಂಬುದನ್ನು ಪೆನ್ನಿನಿಂದ ಸುತ್ತು ಹಾಕಿ. ಮೀನಿನ ಮೈ ನೀರಿನಷ್ಟೇ ಬಿಸಿ, ನೀರಿನಷ್ಟೇ ತಂಪು. ಉಷ್ಣತೆ ಬದಲಾದರೆ ಅದರ ಉಸಿರಾಟ, ಜೀರ್ಣಕ್ರಿಯೆ, ರೋಗಾಣುವಿನ ಬೆಳವಣಿಗೆ, ಔಷಧಿ ದೇಹದಿಂದ ಹೊರಹೋಗುವ ವೇಗ ಎಲ್ಲವೂ ಬದಲಾಗುತ್ತವೆ. ಈ ಹಂತದಲ್ಲಿ ನಾಲ್ಕು ವಿಷಯ ನೋಡಿಕೊಳ್ಳಬೇಕು.

ಆಮ್ಲಜನಕದ್ದು ಒಂದು. 15 ಡಿಗ್ರಿಯ ಸಿಹಿನೀರು ಲೀಟರಿಗೆ ಸುಮಾರು 10 ಮಿಲಿಗ್ರಾಂ ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು. 30 ಡಿಗ್ರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ, ಉಪ್ಪುನೀರಾದರೆ ಇನ್ನೂ ಕಡಿಮೆ. ಟ್ರೌಟ್ ಲೇಖನದಲ್ಲಿ "ಶೇಕಡಾ 80" ಎಂದಿದ್ದರೆ ಅಲ್ಲಿ ಅದು 8 ಮಿಲಿಗ್ರಾಂ, ನಿಮ್ಮಲ್ಲಿ 6. ಅಂಕಿ ಶೇಕಡಾದಲ್ಲಿದೆಯೋ ಮಿಲಿಗ್ರಾಂನಲ್ಲಿದೆಯೋ ನೋಡದೆ ಹೋಲಿಸಬೇಡಿ. ಬಿಸಿ ಹೆಚ್ಚಿದಷ್ಟೂ ಮೀನಿಗೆ ಬೇಕಾಗುವ ಆಮ್ಲಜನಕವೂ ಹೆಚ್ಚುತ್ತದೆ. ಏಪ್ರಿಲ್-ಮೇನಲ್ಲಿ ಏರೇಟರ್ ಬೇಕೇಬೇಕು ಎನ್ನುವುದು ಇದಕ್ಕೇ.

ಎರಡನೆಯದು ಅಮೋನಿಯಾ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ನಮ್ಮ ಟೆಸ್ಟ್ ಕಿಟ್ ತೋರಿಸುವುದು ನೀರಿನಲ್ಲಿರುವ ಒಟ್ಟು ಅಮೋನಿಯಾ. ಅದರಲ್ಲಿ ಮೀನಿಗೆ ಮುಖ್ಯವಾಗಿ ವಿಷವಾಗುವುದು ಅಯಾನು ಆಗದೆ ಉಳಿದ ಪಾಲು ಮಾತ್ರ. ಆ ಪಾಲು ಎಷ್ಟೆಂಬುದನ್ನು ಪಿಎಚ್ ಮತ್ತು ಉಷ್ಣತೆ ನಿರ್ಧರಿಸುತ್ತವೆ. ಪಿಎಚ್ 8 ಇರುವಾಗ 15 ಡಿಗ್ರಿಯ ನೀರಿನಲ್ಲಿ ಒಟ್ಟು ಅಮೋನಿಯಾದ ಶೇಕಡಾ 2.7ರಷ್ಟು ವಿಷದ ರೂಪದಲ್ಲಿರುತ್ತದೆ. ಅದೇ ಪಿಎಚ್‌ನಲ್ಲಿ 30 ಡಿಗ್ರಿಗೆ ಬಂದರೆ ಶೇಕಡಾ 7.5. ಹಸಿರುಗಟ್ಟಿದ ಕೆರೆಯಲ್ಲಿ ಮಧ್ಯಾಹ್ನದ ಬಿಸಿಲಿಗೆ ಪಾಚಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಪಿಎಚ್ 9ಕ್ಕೆ ಏರಿದರೆ ಶೇಕಡಾ 45ರ ಹತ್ತಿರ! ಬೆಳಿಗ್ಗೆ ನಿರುಪದ್ರವಿಯಾಗಿದ್ದ ನೀರು ಮೂರು ಗಂಟೆಗೆ ವಿಷವಾಗಿರಬಹುದು. ಹಾಗಾಗಿ ಅಮೋನಿಯಾ ಮತ್ತು ಪಿಎಚ್ ಪರೀಕ್ಷೆ ಮಧ್ಯಾಹ್ನ ಮೂರು-ನಾಲ್ಕರ ಹೊತ್ತಿಗೆ ಮಾಡಿ. ಆಮ್ಲಜನಕ ನೋಡುವುದಾದರೆ ಬೆಳಕು ಹರಿಯುವ ಮುಂಚೆ. ರಾತ್ರಿಯಿಡೀ ಪಾಚಿಯೂ ಉಸಿರಾಡಿ ಆಮ್ಲಜನಕ ತೀರಾ ಇಳಿದಿರುವುದು ಆಗಲೇ. ಟ್ರೌಟ್ ಲೇಖನಗಳಲ್ಲಿ ಅಮೋನಿಯಾದ ಮಿತಿ ಕೊಟ್ಟಾಗ ಅದು ಒಟ್ಟು ಅಮೋನಿಯಾವೋ ವಿಷದ ಪಾಲೋ ಎಂದು ನೋಡಿ. ಎರಡನ್ನೂ ಒಂದೇ ಎಂದು ಓದಿ ಕಂಗೆಟ್ಟವರೂ ಇದ್ದಾರೆ, ಸುಮ್ಮನೆ ನಿಶ್ಚಿಂತರಾಗಿ ಕೂತವರೂ ಇದ್ದಾರೆ.

ಮೂರನೆಯದು ದಿನಗಳ ಲೆಕ್ಕ. ತಣ್ಣೀರಿನ ಮೀನಿನವರು ದಿನ ಮತ್ತು ಡಿಗ್ರಿಯನ್ನು ಗುಣಿಸಿ ಹೇಳುತ್ತಾರೆ. 10 ಡಿಗ್ರಿಯ ನೀರಿನಲ್ಲಿ 50 ದಿನ ಎಂದರೆ 500 ಡಿಗ್ರಿ-ದಿನ. 28 ಡಿಗ್ರಿಯಲ್ಲಿ ಅಷ್ಟೇ ಮೊತ್ತ 18 ದಿನದಲ್ಲಿ ಮುಗಿಯುತ್ತದೆ. ಕಾಯಿಲೆ ಎಷ್ಟು ಬೇಗ ಸುತ್ತು ಮುಗಿಸುತ್ತದೆ ಎಂದು ಅಂದಾಜು ಮಾಡಲು ಇಂಥ ಲೆಕ್ಕ ಸಹಾಯ ಮಾಡುತ್ತದೆ. ಔಷಧಿ ಕೊಟ್ಟ ಮೇಲೆ ಮೀನು ಮಾರಲು ಎಷ್ಟು ದಿನ ಕಾಯಬೇಕು ಎಂಬುದಕ್ಕೆ ಮಾತ್ರ ಈ ಗುಣಾಕಾರ ನೆಚ್ಚಬೇಡಿ. ಅದನ್ನು ನಿಮ್ಮ ಮೀನು, ನಿಮ್ಮ ಔಷಧಿಗೆ ಸಂಬಂಧಿಸಿ ತಜ್ಞರಿಂದಲೇ ಕೇಳಿ ತಿಳಿಯಿರಿ.

ನಾಲ್ಕನೆಯದು ಪರಾವಲಂಬಿಗಳ ಜೀವನಚಕ್ರ. ಮೈಮೇಲೆ ಉಪ್ಪಿನ ಹರಳಿನಂಥ ಬಿಳಿ ಚುಕ್ಕೆ ತರುವ ಇಕ್ ಎಂಬ ಸೂಕ್ಷ್ಮಜೀವಿ 7 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ಒಂದು ಸುತ್ತು ಮುಗಿಸಲು ಐದು ವಾರಕ್ಕೂ ಹೆಚ್ಚು ತೆಗೆದುಕೊಳ್ಳುತ್ತದೆ. 24 ಡಿಗ್ರಿ ದಾಟಿದ ನೀರಿನಲ್ಲಿ ನಾಲ್ಕು ದಿನವೂ ಬೇಡ. ಅದು ಮೀನಿನ ಚರ್ಮದೊಳಗೆ ಹೊಕ್ಕಿರುವಾಗ ಔಷಧಿ ತಾಗುವುದಿಲ್ಲ. ಹೊರಬಂದು ನೀರಿನಲ್ಲಿ ಈಜುವ ಹಂತದಲ್ಲಿ ಮಾತ್ರ ಸಾಯುತ್ತದೆ. ಹೀಗಿರುವಾಗ ಟ್ರೌಟ್ ಕೈಪಿಡಿಯ "ವಾರಕ್ಕೊಮ್ಮೆ" ಎಂಬ ಸೂಚನೆಯನ್ನು ನಮ್ಮ ತೊಟ್ಟಿಗೆ ತಂದರೆ ಎರಡು ಚಿಕಿತ್ಸೆಗಳ ನಡುವೆ ಹೊಸ ಪೀಳಿಗೆಯೇ ಬಂದು ಮೀನಿಗೆ ಹತ್ತಿರುತ್ತದೆ. ಆದರೆ "ಈಜುವ ಹಂತದಲ್ಲಿ ಹಿಡಿಯಬೇಕು, ಮತ್ತೆ ಮತ್ತೆ ಹಿಡಿಯಬೇಕು" ಎಂಬ ತಿಳಿವಳಿಕೆ ನಮಗೂ ಪೂರ್ತಿ ಸಲ್ಲುತ್ತದೆ.

3. ಎಷ್ಟು ತೊಟ್ಟಿಗಳಲ್ಲಿ ಪ್ರಯೋಗ ಮಾಡಿದ್ದಾರೆ?

"150 ಮೀನುಗಳ ಮೇಲೆ ಪರೀಕ್ಷಿಸಲಾಯಿತು" ಎಂದು ಓದಿದಾಗ ದೊಡ್ಡ ಪ್ರಯೋಗ ಅನ್ನಿಸುತ್ತದೆ. ಆ 150 ಮೀನುಗಳು ಮೂರು ತೊಟ್ಟಿಗಳಲ್ಲಿದ್ದವು ಎಂದರೆ ನಿಜವಾದ ಸಂಖ್ಯೆ ಮೂರು. ಒಂದು ತೊಟ್ಟಿಯ ಮೀನುಗಳೆಲ್ಲ ಒಂದೇ ನೀರು, ಒಂದೇ ಗಾಳಿ, ಒಂದೇ ಸೋಂಕನ್ನು ಹಂಚಿಕೊಂಡಿರುತ್ತವೆ. ಆಹಾರದಲ್ಲಿ ಬೆರೆಸುವ ಪುಡಿ, ಪ್ರೊಬಯಾಟಿಕ್, ಗಿಡಮೂಲಿಕೆಗಳ ಲೇಖನಗಳನ್ನು ಈ ಕಣ್ಣಿನಿಂದಲೇ ನೋಡಿ. ಔಷಧ ಕೊಟ್ಟದ್ದೊಂದು, ಕೊಡದ್ದೊಂದು ಎಂದು ಎರಡೇ ತೊಟ್ಟಿ ಇಟ್ಟು ಬರೆದದ್ದಾದರೆ ಅದನ್ನು ನಂಬಿ ದುಡ್ಡು ಹಾಕಬೇಡಿ.

ಪ್ರಯೋಗಾಲಯದಲ್ಲಿ ರೋಗಾಣುವನ್ನು ಮೀನಿಗೆ ಚುಚ್ಚಿದ್ದರೋ, ನೀರಿಗೆ ಬಿಟ್ಟಿದ್ದರೋ ಎಂಬುದೂ ಮುಖ್ಯ. ಚುಚ್ಚಿದರೆ ಚರ್ಮ, ಲೋಳೆ, ಕಿವಿರು ಎಂಬ ಕಾವಲುಗಳನ್ನೆಲ್ಲ ದಾಟಿ ಒಳಗೆ ಕಳಿಸಿದ ಹಾಗಾಯಿತು. ಕೆರೆಯಲ್ಲಿ ಹಾಗೆ ಆಗುವುದಿಲ್ಲ.

4. ಲಕ್ಷಣ ಒಂದೇ ಇದ್ದರೆ ರೋಗ ಒಂದೇ ಎಂದುಕೊಳ್ಳಬೇಡಿ

ಟ್ರೌಟ್ ಮರಿಗಳು ಬಾಲ ಹಿಡಿಯಲು ಹೋದಂತೆ ಗಿರಗಿರನೆ ಸುತ್ತುವ ರೋಗವೊಂದಿದೆ. ಕಾರಣ ಮಿಕ್ಸೊಬೋಲಸ್ ಎಂಬ ಪರಾವಲಂಬಿ. ಇದು ಮರಿಗಳ ಮೃದ್ವಸ್ಥಿಯನ್ನು ತಿನ್ನುತ್ತದೆ. ಜರ್ಮನಿಯಲ್ಲಿ 1890ರ ದಶಕದಲ್ಲೇ ಕಂಡ ಈ ರೋಗ ಮೀನಿನಿಂದ ಮೀನಿಗೆ ಹೇಗೆ ದಾಟುತ್ತದೆ ಎಂಬುದು 1984ರವರೆಗೆ ಬಗೆಹರಿದಿರಲಿಲ್ಲ. ಕೆಸರಿನಲ್ಲಿರುವ ಟ್ಯೂಬಿಫೆಕ್ಸ್ ಹುಳುವಿನೊಳಗೆ ಅರ್ಧ ಜೀವನ ಕಳೆದ ಮೇಲೆಯೇ ಅದು ಮತ್ತೊಂದು ಮೀನಿಗೆ ಬರುತ್ತದೆ ಎಂದು ಆಗ ಗೊತ್ತಾಯಿತು. ಅಲ್ಲಿಂದ ಮುಂದೆ ಮರಿಗಳನ್ನು ಕೆಸರಿಲ್ಲದ ಸಿಮೆಂಟ್ ತೊಟ್ಟಿಯಲ್ಲಿ ಯಾಕೆ ಬೆಳೆಸಬೇಕು ಎಂಬುದಕ್ಕೆ ಗಟ್ಟಿ ಕಾರಣ ಸಿಕ್ಕಿತು.

ನಮ್ಮ ಸೀಬಾಸ್ ಮರಿಯೂ ಸುತ್ತುತ್ತದೆ. ಆದರೆ ಇಲ್ಲಿ ಅನುಮಾನ ಪಡಬೇಕಾದದ್ದು ನರಮಂಡಲಕ್ಕೆ ತಗಲುವ ನೋಡಾವೈರಸ್ಸನ್ನು. ಸ್ವಲ್ಪ ದೊಡ್ಡ ಮೀನು ಸುತ್ತುತ್ತಿದ್ದು ಕಣ್ಣು ಉಬ್ಬಿ ಹೊರಬಂದಿದ್ದರೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನು. ಈ ಸ್ಟ್ರೆಪ್ಟೊಕಾಕಸ್ ಬೆಚ್ಚಗಿನ ನೀರಿನಲ್ಲಿ ಸಾಕುವ ಟ್ರೌಟ್‌ಗೂ ಬರುತ್ತದೆ. ಆ ಲೇಖನಗಳು ನಮಗೆ ನಿಜಕ್ಕೂ ಉಪಯೋಗ. ಅದೇ ರೀತಿ ಬಾಯಿ, ಕಿವಿರು ಕೊಳೆಯುವ ಕಾಲಮ್ನಾರಿಸ್ ಕೂಡ ಬೆಚ್ಚಗಿನ ನೀರಿನ ರೋಗ. ಆದರೆ ಟ್ರೌಟ್ ಸಾಕಣೆದಾರರ ನಿದ್ದೆಗೆಡಿಸುವ ಐಎಚ್‌ಎನ್, ವಿಎಚ್‌ಎಸ್ ವೈರಸ್‌ಗಳು ಸಾಮಾನ್ಯವಾಗಿ 15 ಡಿಗ್ರಿಗಿಂತ ತಣ್ಣಗಿನ ನೀರಿನಲ್ಲಿ ರೋಗ ತರುವಂಥವು. ನಿಮ್ಮ ಕೆರೆಯ ಮೀನಿನ ಹೊಟ್ಟೆ ಊದಿದ್ದಕ್ಕೆ ಅವುಗಳ ಚಿತ್ರ ನೋಡಿ ಹೆದರಬೇಕಾಗಿಲ್ಲ.

5. ಆಹಾರದ ಗೋಣಿ ತೆರೆದು ನೋಡಿ

ಟ್ರೌಟ್‌ನಿಂದ ನಮ್ಮ ಕರಾವಳಿ ಕಲಿಯಬೇಕಾದ ದೊಡ್ಡ ಪಾಠ ನನ್ನ ಮಟ್ಟಿಗೆ ಇದೇ. 1960ರಲ್ಲಿ ಅಮೆರಿಕದ ಟ್ರೌಟ್ ಕೇಂದ್ರಗಳಲ್ಲಿ ಮೀನುಗಳ ಪಿತ್ತಜನಕಾಂಗದಲ್ಲಿ ಗಡ್ಡೆಗಳು ದೊಡ್ಡ ಪ್ರಮಾಣದಲ್ಲಿ ಕಾಣಿಸಿಕೊಂಡವು. ವೈರಸ್ ಇರಬಹುದೇ ಎಂಬ ಅನುಮಾನವೂ ಇತ್ತು. ಕೊನೆಗೆ ಜಾಡು ಹೋಗಿ ಮುಟ್ಟಿದ್ದು ಆಹಾರಕ್ಕೆ ಬೆರೆಸಿದ ಹತ್ತಿಕಾಳಿನ ಹಿಂಡಿಗೆ. ಅದರಲ್ಲಿ ಬೆಳೆದ ಆಸ್ಪರ್ಜಿಲಸ್ ಬೂಸ್ಟಿನ ವಿಷ, ಅಫ್ಲಾಟಾಕ್ಸಿನ್, ಕಿಲೋ ಆಹಾರದಲ್ಲಿ ಕೆಲವೇ ಮೈಕ್ರೋಗ್ರಾಂ ಇದ್ದರೂ ಟ್ರೌಟ್‌ಗೆ ಕ್ಯಾನ್ಸರ್ ತರುತ್ತದೆ. ಅದೇ ಕುಲದ ಕೋಹೋ ಸಾಲ್ಮನ್ ಈ ವಿಷವನ್ನು ಎಷ್ಟೋ ಹೆಚ್ಚು ತಡೆದುಕೊಳ್ಳುತ್ತದೆ. ಹತ್ತಿರದ ನೆಂಟರ ನಡುವೆಯೇ ಇಷ್ಟು ಅಂತರವಿದ್ದರೆ, ಟ್ರೌಟ್‌ನ ಮಿತಿಯನ್ನು ರೋಹುವಿಗೆ ಹಚ್ಚಲು ಬರುವುದಿಲ್ಲ. ಆದರೆ ವಿಷ ಹುಟ್ಟುವ ಬಗೆ ಎಲ್ಲೆಡೆ ಒಂದೇ, ಮತ್ತು ಅದಕ್ಕೆ ಬೇಕಾದ ಸೆಕೆ, ತೇವ ಎರಡೂ ನಮ್ಮಲ್ಲಿ ಧಾರಾಳ.

ನಮ್ಮ ಕೆರೆ ಮೀನಿಗೆ ಹಾಕುವುದು ಹೆಚ್ಚಾಗಿ ನೆಲಗಡಲೆ ಹಿಂಡಿ ಮತ್ತು ಅಕ್ಕಿ ತೌಡು. ನೆಲಗಡಲೆ ಹಿಂಡಿ ಎಂದರೆ ಈ ಬೂಸ್ಟಿಗೆ ಬಲು ಇಷ್ಟ. ಪತ್ತನಾಜೆ ಕಳೆದು ಮಳೆ ಹಿಡಿದ ಮೇಲೆ ಸಿಮೆಂಟ್ ನೆಲದ ಮೇಲೆ ಇಟ್ಟ ಗೋಣಿಯನ್ನು ಒಮ್ಮೆ ಮಗುಚಿ ನೋಡಿ. ಅಡಿಯ ಮೂಲೆ ತಣ್ಣಗೆ, ಜಿಗುಟಾಗಿರುತ್ತದೆ. ಕೈ ಹಾಕಿದರೆ ಹಿಂಡಿ ಮುದ್ದೆಯಾಗಿ ಬರುತ್ತದೆ, ಒಡೆದರೆ ಒಳಗೆ ಹಳದಿ ಮಿಶ್ರಿತ ಹಸಿರು ಪುಡಿ, ಮುಗ್ಗಲು ವಾಸನೆ. ಆ ಗೋಣಿಯ ಮೇಲ್ಭಾಗ ಚೆನ್ನಾಗಿದೆ ಎಂದು ಬಳಸಬೇಡಿ. ಬಿಸಿಲಿಗೆ ಹಾಕಿದರೆ ಬೂಸ್ಟು ಒಣಗುತ್ತದೆ, ವಿಷ ಉಳಿಯುತ್ತದೆ. ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ದನಕ್ಕೆ ಹಾಕುವುದೂ ಬೇಡ, ಹಾಲಿಗೆ ಬರುತ್ತದೆ.

ಮಾಡಬೇಕಾದದ್ದು ಸರಳ. ಗೋಣಿಯನ್ನು ಮರದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ ಇಡಿ. ಮಳೆಗಾಲದಲ್ಲಿ ಎರಡು-ಮೂರು ವಾರಕ್ಕೆ ಬೇಕಾದಷ್ಟೇ ತನ್ನಿ. ಒದ್ದೆ ಕೈ, ಒದ್ದೆ ಬೋಗುಣಿ ಗೋಣಿಯೊಳಗೆ ಹೋಗದಿರಲಿ. ಕಂಪನಿಯ ಪೆಲೆಟ್ ಆಹಾರಕ್ಕೂ ಇದೇ ನಿಯಮ. ಬೆಳವಣಿಗೆ ಕುಂಠಿತ, ಕಿವಿರು ಬಿಳಿಚಿದೆ, ದಿನಕ್ಕೆ ಒಂದೆರಡು ಸಾವು, ನೀರಿನ ಪರೀಕ್ಷೆಯಲ್ಲಿ ಏನೂ ಇಲ್ಲ ಎಂದಾದರೆ ಆಹಾರದ ಮಾದರಿಯನ್ನೂ ಪರೀಕ್ಷೆಗೆ ಕಳಿಸಿ.

6. ಔಷಧಿಯ ಅಂಕಿಯನ್ನು ನಕಲು ಮಾಡಬೇಡಿ

ಪರಾವಲಂಬಿಗಳನ್ನು ಕೊಲ್ಲಲು ನೀರಿಗೆ ಹಾಕುವ ಫಾರ್ಮಲಿನ್ ಉದಾಹರಣೆ ಸಾಕು. ಅಮೆರಿಕದಲ್ಲಿ ಟ್ರೌಟ್ ತೊಟ್ಟಿಗೆ ಒಂದು ಗಂಟೆಯ ಚಿಕಿತ್ಸೆಗೆ 250 ಪಿಪಿಎಂವರೆಗೆ (ಹತ್ತು ಲಕ್ಷ ಪಾಲು ನೀರಿಗೆ 250 ಪಾಲು) ಒಪ್ಪಿಗೆ ಇರುವುದು ನೀರು 10 ಡಿಗ್ರಿಗಿಂತ ತಣ್ಣಗಿರುವಾಗ. ಅದಕ್ಕಿಂತ ಬೆಚ್ಚಗಾದರೆ ಅದೇ ಟ್ರೌಟ್‌ಗೇ 170ಕ್ಕೆ ಇಳಿಸಬೇಕು. 30 ಡಿಗ್ರಿಯ ಕೆರೆಗೆ ಈ ಅಂಕಿ ಹಾಕುವುದು ಮೀನನ್ನು ಕೈಯಾರೆ ಕೊಂದಂತೆ. ಫಾರ್ಮಲಿನ್ ನೀರಿನ ಆಮ್ಲಜನಕವನ್ನೂ ಕಿತ್ತುಕೊಳ್ಳುತ್ತದೆ. ಸುಮಾರು 5 ಪಿಪಿಎಂ ಫಾರ್ಮಲಿನ್‌ಗೆ ಲೀಟರಿಗೆ 1 ಮಿಲಿಗ್ರಾಂ ಆಮ್ಲಜನಕ ಹೋಯಿತೆಂದು ಲೆಕ್ಕ.

ಆ್ಯಂಟಿಬಯಾಟಿಕ್‌ಗಳ ವಿಷಯದಲ್ಲಿ ನಾನು ಕಟ್ಟುನಿಟ್ಟು. ಬ್ಯಾಕ್ಟೀರಿಯಾ ಯಾವುದು, ಯಾವ ಔಷಧಿಗೆ ಬಗ್ಗುತ್ತದೆ ಎಂದು ಪರೀಕ್ಷಿಸದೆ ಹಾಕಲೇಬಾರದು. ಕ್ಲೋರಾಂಫೆನಿಕಾಲ್ ಮತ್ತು ನೈಟ್ರೊಫ್ಯುರಾನ್‌ಗಳು ನಮ್ಮ ದೇಶದ ಮೀನು-ಸಿಗಡಿ ಸಾಕಣೆಯಲ್ಲಿ ನಿಷಿದ್ಧ. ಹಳೆಯ ಟ್ರೌಟ್ ಲೇಖನಗಳಲ್ಲಿ ಇವುಗಳ ಹೆಸರು ಸಿಗಬಹುದು, ಅದನ್ನು ಅನುಮತಿ ಎಂದುಕೊಳ್ಳಬೇಡಿ.

ಟ್ರೌಟ್ ಲೋಕ ಔಷಧಿಯನ್ನು ಕಡಿಮೆ ಮಾಡಿದ್ದು ಬೇರೆ ದಾರಿಗಳಿಂದ. ಬಾಯಿ ಕೆಂಪಾಗುವ ಯೆರ್ಸಿನಿಯಾ ರೋಗಕ್ಕೆ 1976ರಲ್ಲೇ ಅಮೆರಿಕದಲ್ಲಿ ಲಸಿಕೆಗೆ ಪರವಾನಗಿ ಸಿಕ್ಕಿತು. ಮರಿಗಳನ್ನು ಲಸಿಕೆಯ ನೀರಿನಲ್ಲಿ ಮುಳುಗಿಸಿ ತೆಗೆದರೆ ಆಯಿತು. ವೆಸ್ಟ್ ವರ್ಜೀನಿಯಾದ ಲೀಟೌನ್‌ನಲ್ಲಿರುವ ಸರಕಾರಿ ಸಂಶೋಧನಾ ಕೇಂದ್ರ ತಣ್ಣೀರಿನ ಬ್ಯಾಕ್ಟೀರಿಯಾ ರೋಗವನ್ನು ತಡೆದುಕೊಳ್ಳುವ ಟ್ರೌಟ್ ತಳಿಯನ್ನೇ ಆಯ್ಕೆ ಮಾಡಿ ಬೆಳೆಸಿತು. ನಮ್ಮ ಮಂಗಳೂರಿನ ಮೀನುಗಾರಿಕಾ ಕಾಲೇಜಿನಲ್ಲೂ 1990ರ ದಶಕದಲ್ಲಿ ಗೆಂಡೆ ಮೀನುಗಳಿಗಾಗಿ ಏರೋಮೋನಾಸ್ ಎಂಬ ಬ್ಯಾಕ್ಟೀರಿಯಾದ ವಿರುದ್ಧ ಆಹಾರದ ಮೂಲಕ ಕೊಡುವ ಬಯೋಫಿಲ್ಮ್ ಲಸಿಕೆಯ ಮೇಲೆ ಒಳ್ಳೆಯ ಕೆಲಸ ನಡೆದಿದೆ. ಬ್ಯಾಕ್ಟೀರಿಯಾವನ್ನು ಪದರವಾಗಿ ಬೆಳೆಸಿದರೆ ಮೀನಿನ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗದೆ ಕರುಳಿನ ಕೊನೆಯ ಭಾಗದವರೆಗೆ ಉಳಿಯುತ್ತದೆ ಎಂಬುದು ಅದರ ತಿರುಳು. ಇದು ಹೆಚ್ಚು ಜನಕ್ಕೆ ಗೊತ್ತಿಲ್ಲ, ಗೊತ್ತಾಗಬೇಕು.

7. ಮಾದರಿ ತೆಗೆದು ಕಳಿಸುವ ಕ್ರಮ

ಇಷ್ಟು ಓದಿದ ಮೇಲೂ ರೋಗ ಯಾವುದೆಂದು ನಿರ್ಧರಿಸಬೇಕಾದದ್ದು ಪ್ರಯೋಗಾಲಯ. ಇಲ್ಲಿ ಟ್ರೌಟ್‌ನವರು ರೂಢಿಸಿಕೊಂಡ ಶಿಸ್ತನ್ನು ಬಹುತೇಕ ಹಾಗೇ ತೆಗೆದುಕೊಳ್ಳಬಹುದು.

ನೀರಿಗೆ ಏನನ್ನೂ ಸುರಿಯುವ ಮುಂಚೆ ಮಾದರಿ ತೆಗೆಯಿರಿ. ಬೆಳಿಗ್ಗೆ ಬೇಗ ಹೋಗಿ, ದಂಡೆಗೆ ಬಂದು ನಿಂತ, ಹಿಡಿಯಲು ಹೋದರೂ ಓಡದ, ಇನ್ನೂ ಕಿವಿರು ಆಡಿಸುತ್ತಿರುವ ಮೀನನ್ನು ಆರಿಸಿ. ಸತ್ತು ತೇಲಿದ್ದು ಬೇಡ. ನಮ್ಮ ಸೆಕೆಗೆ ಒಂದು ತಾಸಿನಲ್ಲೇ ಕಿವಿರು ಕೊಳೆಯಲು ಶುರುವಾಗಿ, ಮೂಲ ರೋಗಾಣುವನ್ನು ಮುಚ್ಚುವಷ್ಟು ಬೇರೆ ಬ್ಯಾಕ್ಟೀರಿಯಾ ಹರಡಿರುತ್ತದೆ. ಜತೆಗೆ ಆರೋಗ್ಯವಾಗಿ ಕಾಣುವ ಎರಡು-ಮೂರು ಮೀನೂ ಇರಲಿ.

ಮೈಕ್ರೋಸ್ಕೋಪ್ ಸಿಗುವುದಾದರೆ ಕಿವಿರಿನ ಒಂದೆರಡು ಎಳೆಯ ತುದಿಯನ್ನು ಕತ್ತರಿಸಿ, ಅದೇ ಕೆರೆಯ ನೀರಿನ ಹನಿಯಲ್ಲಿಟ್ಟು, ಗಾಜು ಮುಚ್ಚಿ ನೋಡಿ. ನಲ್ಲಿ ನೀರು ಹಾಕಿದರೆ ಅದರ ಕ್ಲೋರಿನ್‌ಗೆ ಪರಾವಲಂಬಿಗಳು ಸಾಯುತ್ತವೆ, ಸತ್ತ ಮೇಲೆ ಗುರುತು ಹಿಡಿಯುವುದು ಕಷ್ಟ. ತಿರುಗುವ ತಟ್ಟೆಯಂತೆ ಎಳೆಯ ಅಂಚಿನಲ್ಲಿ ಜಾರುತ್ತಿದ್ದರೆ ಟ್ರೈಕೊಡೈನಾ. ಒಂದು ತುದಿಯಲ್ಲಿ ಕೊಕ್ಕೆ ಊರಿಕೊಂಡು, ಇನ್ನೊಂದು ತುದಿಯನ್ನು ಚಾಚಿ ಎಳೆದುಕೊಳ್ಳುತ್ತಾ, ತಲೆಯ ಮೇಲೆ ನಾಲ್ಕು ಕಪ್ಪು ಚುಕ್ಕೆ ಕಂಡರೆ ಕಿವಿರಿನ ಹುಳು, ಡ್ಯಾಕ್ಟಿಲೋಗೈರಸ್. ಒಂದೆರಡು ಕಂಡರೆ ಗಾಬರಿ ಬೇಡ, ಪ್ರತಿ ಎಳೆಯಲ್ಲೂ ಇದ್ದರೆ ಮಾತ್ರ ಚಿಂತೆ.

ಮೀನನ್ನು ಜೀವಂತವಾಗಿ ಒಯ್ಯುವುದು ಎಲ್ಲಕ್ಕಿಂತ ಒಳ್ಳೆಯದು. ಮರಿ ತರುವಾಗ ಕಟ್ಟುವ ಹಾಗೆಯೇ ಪ್ಲಾಸ್ಟಿಕ್ ಚೀಲದಲ್ಲಿ ಆಮ್ಲಜನಕ ತುಂಬಿಸಿ ಕಟ್ಟಿ. ಕುಂದಾಪುರದಿಂದ ಮಂಗಳೂರಿಗೆ ಹೆದ್ದಾರಿಯಲ್ಲಿ ಬರಲು ಅಷ್ಟು ಸಾಕು. ಆಗದಿದ್ದರೆ ಒಂದೊಂದು ಮೀನನ್ನು ಬೇರೆ ಬೇರೆ ಚೀಲದಲ್ಲಿಟ್ಟು ಮಂಜುಗಡ್ಡೆಯ ನಡುವೆ ಇರಿಸಿ, ಅದೇ ದಿನ ತಲುಪಿಸಿ. ಫ್ರೀಜರ್‌ಗೆ ಹಾಕಬೇಡಿ, ಅಂಗಾಂಶದ ರಚನೆ ಹಾಳಾಗುತ್ತದೆ.

ಅಂಗಾಂಶ ತೆಗೆದಿಡುವುದಾದರೆ ಎರಡು ಬಾಟಲಿ ಬೇಕು. ಒಂದರಲ್ಲಿ ಅಂಗಡಿಯ ಫಾರ್ಮಲಿನ್ ಒಂದು ಪಾಲಿಗೆ ಒಂಬತ್ತು ಪಾಲು ನೀರು. ಇದು ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡಲು. ತುಂಡು ಅರ್ಧ ಸೆಂಟಿಮೀಟರಿಗಿಂತ ದಪ್ಪ ಇರಬಾರದು, ದ್ರಾವಣ ತುಂಡಿನ ಹತ್ತು ಪಟ್ಟು ಇರಬೇಕು. ಕೈಗವಸು ಹಾಕಿ, ಗಾಳಿಯಾಡುವ ಕಡೆ ಈ ಕೆಲಸ ಮಾಡಿ. ಇನ್ನೊಂದರಲ್ಲಿ ಶೇಕಡಾ 95ರ ಆಲ್ಕೋಹಾಲ್, ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಪರೀಕ್ಷೆಗೆ. ಚೀಟಿಯನ್ನು ಪೆನ್ಸಿಲಿನಲ್ಲಿ ಬರೆದು ಬಾಟಲಿಯ ಒಳಗೇ ಹಾಕಿ, ಪೆನ್ನಿನ ಶಾಯಿ ಆಲ್ಕೋಹಾಲ್‌ನಲ್ಲಿ ಕರಗಿ ಹೋಗುತ್ತದೆ. ಬ್ಯಾಕ್ಟೀರಿಯಾ ಬೆಳೆಸಲು ಮೂತ್ರಪಿಂಡ ಬೇಕಾಗುತ್ತದೆ. ಬೆನ್ನುಮೂಳೆಗೆ ಅಂಟಿಕೊಂಡಿರುವ ಕಡುಗೆಂಪು ಪಟ್ಟಿ ಅದು. ಅದನ್ನು ನೀವು ಮುಟ್ಟಬೇಡಿ, ಪ್ರಯೋಗಾಲಯದವರೇ ತೆಗೆಯಲಿ.

ಎಷ್ಟು ಮೀನು ಎಂದು ಕೇಳಿದರೆ, ಸಾವು ನಡೆಯುತ್ತಿರುವಾಗ ಐದಾರು ಕಾಯಿಲೆ ಮೀನು ಸಾಕು. ಆದರೆ ಮರಿ ಖರೀದಿಸುವ ಮುಂಚೆ "ರೋಗ ಇಲ್ಲ" ಎಂದು ಖಾತ್ರಿ ಮಾಡಿಕೊಳ್ಳಬೇಕಾದರೆ ಲೆಕ್ಕ ಬೇರೆ. ನೂರಕ್ಕೆ ಐದು ಮರಿಗೆ ಸೋಂಕಿದೆ ಎಂದಿಟ್ಟುಕೊಳ್ಳಿ. ಹತ್ತು ಮರಿ ಪರೀಕ್ಷಿಸಿದರೆ ಸೋಂಕು ಸಿಕ್ಕಿಬೀಳುವ ಸಾಧ್ಯತೆ ಶೇಕಡಾ 40 ಮಾತ್ರ. ಅರವತ್ತು ಮರಿ ಪರೀಕ್ಷಿಸಿದರೆ ಶೇಕಡಾ 95. "ಹತ್ತು ಮರಿ ನೋಡಿದ್ದೇವೆ, ಎಲ್ಲ ಸರಿ ಇದೆ" ಎಂಬ ಮಾತಿಗೆ ಎಷ್ಟು ಬೆಲೆ ಕೊಡಬೇಕೆಂದು ಇದರಿಂದ ತಿಳಿಯುತ್ತದೆ.

ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು ಇದೆ, ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರವೂ ಇದೆ. ಉಡುಪಿ ಕಡೆಯವರು ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು. ಮೊದಲು ಫೋನ್ ಮಾಡಿ, ಅವರಲ್ಲಿ ಯಾವ ಪರೀಕ್ಷೆ ಆಗುತ್ತದೆ, ಮಾದರಿ ಹೇಗೆ ತರಬೇಕು ಎಂದು ಕೇಳಿಯೇ ಹೊರಡಿ. ಕೇಂದ್ರ ಸರಕಾರ 2023ರಲ್ಲಿ ತಂದ "ರಿಪೋರ್ಟ್ ಫಿಶ್ ಡಿಸೀಸ್" ಎಂಬ ಮೊಬೈಲ್ ಆ್ಯಪ್‌ನಲ್ಲೂ ರೋಗದ ವರದಿ ಕೊಡಬಹುದು.

ಮಾದರಿಯ ಜತೆ ಕೊಡುವ ಹಾಳೆಯಲ್ಲಿ ಇವಿಷ್ಟು ಇರಲಿ: ಮರಿ ಎಲ್ಲಿಂದ, ಯಾವಾಗ ತಂದದ್ದು, ಎಷ್ಟು ಬಿಟ್ಟಿದ್ದೀರಿ, ಸಾವು ಶುರುವಾದ ದಿನ ಮತ್ತು ಪ್ರತಿದಿನದ ಸಂಖ್ಯೆ, ಬೆಳಿಗ್ಗೆ ಮತ್ತು ಮಧ್ಯಾಹ್ನದ ಉಷ್ಣತೆ, ಪಿಎಚ್, ಆಮ್ಲಜನಕ, ಅಳಿವೆಯ ಹತ್ತಿರವಾದರೆ ಉಪ್ಪಿನಂಶ, ಮಳೆ ಬಂದು ನೀರು ಸಿಹಿಯಾದ ದಿನ, ಯಾವ ಆಹಾರ, ಗೋಣಿ ತೆರೆದು ಎಷ್ಟು ದಿನವಾಯಿತು, ಈಗಾಗಲೇ ಏನಾದರೂ ಹಾಕಿದ್ದರೆ ಅದರ ಹೆಸರು, ಪ್ರಮಾಣ. ಹಾಕಿದ್ದನ್ನು ಮುಚ್ಚಿಡಬೇಡಿ. ಆ್ಯಂಟಿಬಯಾಟಿಕ್ ಹಾಕಿದ ಮೀನಿನಲ್ಲಿ ಬ್ಯಾಕ್ಟೀರಿಯಾ ಬೆಳೆಯದೆ ಹೋಗಬಹುದು, ಆಗ ಫಲಿತಾಂಶ ದಾರಿ ತಪ್ಪಿಸುತ್ತದೆ.

ಫಲಿತಾಂಶ ಬರುವವರೆಗೆ ಆಹಾರ ಅರ್ಧಕ್ಕೆ ಇಳಿಸಿ, ಏರೇಟರ್ ರಾತ್ರಿಯೂ ಓಡಲಿ. ಈ ಕೆರೆಯ ಬಲೆಯನ್ನು ಪಕ್ಕದ ಕೆರೆಗೆ ಹಾಕಬೇಡಿ, ಪಂಜರದ ಮೀನನ್ನು ಬೇರೆ ಪಂಜರಕ್ಕೆ ಬದಲಿಸಬೇಡಿ. ಸತ್ತ ಮೀನನ್ನು ಹೊಳೆಗೆ ಎಸೆದರೆ ಕೆಳಗಿನವರ ಪಂಜರಕ್ಕೆ ರೋಗ ಕಳಿಸಿದಂತೆ. ಬಾವಿಯಿಂದ ದೂರ, ನೀರು ನಿಲ್ಲದ ಜಾಗದಲ್ಲಿ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಹೂಳಿ. ನಾಯಿ, ಕಾಗೆ ಕೆದಕದ ಹಾಗೆ ಮೇಲೆ ಕಲ್ಲು ಹೇರಿ.